ಗದ್ದಲಕ್ಕೂ ಜಾಗ ಬೇಕು

ನೈನ್ ಇಂಚ್ ನೇಲ್ಸ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ‘ಬ್ರೋಕನ್’ ಸಿ.ಡಿ.ಯನ್ನು ಮೊದಲ ಸಲ ಹಾಕಿದ ದಿನ ಪ್ಲೇಯರೇ ಕೆಟ್ಟಿತು ಅಂದುಕೊಂಡಿದ್ದೆ. ಆರು ಹಾಡು ಮುಗಿದವು. ಆಮೇಲೆ ಏಳು, ಎಂಟು, ಒಂಬತ್ತು ಎಂದು ಅಂಕಿ ಮಾತ್ರ ಸೆಕೆಂಡಿಗೊಂದರಂತೆ ಓಡತೊಡಗಿತು, ಸ್ಪೀಕರು ಪಿಟಕ್ಕೆನ್ನಲಿಲ್ಲ. 97ರವರೆಗೂ ಅದೇ ಕಥೆ. 98ಕ್ಕೆ ಬಂದದ್ದೇ ತಡ, ಗಿಟಾರು ಮೈಮೇಲೆ ಬಿತ್ತು. 1992ರಲ್ಲಿ ಬಂದ ಮೊದಲ ಪ್ರತಿಗಳಲ್ಲಿ ಆ ಕೊನೆಯ ಎರಡು ಹಾಡು ಮೂರಿಂಚಿನ ಬೇರೊಂದು ಪುಟ್ಟ ಸಿ.ಡಿ.ಯಲ್ಲಿದ್ದವು. ಮುಂದಿನ ಪ್ರತಿಗಳಲ್ಲಿ ಅವನ್ನು ಹೀಗೆ ಒಂದೂವರೆ ನಿಮಿಷದ ಮೌನದ ಆಚೆ ಬಚ್ಚಿಟ್ಟರು.

ಎರಡು ದಶಕದಿಂದ ಬೆಂಗಳೂರಿನಲ್ಲಿ ಮಿಕ್ಸಿಂಗ್ (ಬಿಡಿ ಸದ್ದುಗಳನ್ನು ಕೂಡಿಸಿ ಹದ ಮಾಡುವುದು), ಮಾಸ್ಟರಿಂಗ್ (ಬಿಡುಗಡೆಯ ಕೊನೆಯ ಪ್ರತಿ ಸಿದ್ಧಪಡಿಸುವುದು) ಮಾಡಿಕೊಂಡು ಹೊಟ್ಟೆ ಹೊರೆಯುತ್ತಿರುವ ನನಗೆ ಆ ತೊಂಬತ್ತೊಂದು ಖಾಲಿ ಟ್ರ್ಯಾಕುಗಳು ಆಗಾಗ ನೆನಪಾಗುತ್ತವೆ. ವರ್ಷಕ್ಕೆ ಮೂರ್ನಾಲ್ಕು ಹುಡುಗರಾದರೂ ಲ್ಯಾಪ್‌ಟಾಪ್ ಹಿಡಿದು ಬಂದು, “ಸರ್, ನೈನ್ ಇಂಚ್ ನೇಲ್ಸ್ ಥರ ಬೇಕು” ಎನ್ನುತ್ತಾರೆ. ಫೈಲು ತೆರೆದರೆ ಒಂದೇ ಹಾಡಿಗೆ ಅರವತ್ತು ಟ್ರ್ಯಾಕು, ಅಂದರೆ ಬೇರೆಬೇರೆಯಾಗಿ ಹಿಡಿದಿಟ್ಟ ಅರವತ್ತು ಸದ್ದಿನ ಪದರ. ಡ್ರಮ್ಮಿಗೆ ಡಿಸ್ಟಾರ್ಷನ್, ಬೇಸ್ ಗಿಟಾರಿಗೆ ಡಿಸ್ಟಾರ್ಷನ್, ದನಿಗೆ ಡಿಸ್ಟಾರ್ಷನ್, ಎಲ್ಲದರ ತಲೆಯ ಮೇಲೆ ಸದ್ದನ್ನು ಅದುಮಿ ಜೋರು ಮಾಡುವ ಲಿಮಿಟರ್. ಕೇಳಿದರೆ ಮದುವೆ ಮನೆಯ ಊಟದ ಹಾಲ್ ನೆನಪಾಗುತ್ತದೆ: ಎಲ್ಲರೂ ಕೂಗುತ್ತಿದ್ದಾರೆ, ಯಾರ ಮಾತೂ ಕೇಳಿಸುತ್ತಿಲ್ಲ.

ಡಿಸ್ಟಾರ್ಷನ್ ಅಂದರೇನು ಅಂತ ಒಮ್ಮೆ ಬಿಡಿಸಿ ಹೇಳಬೇಕು. ಯಂತ್ರ ತಾಳಿಕೊಳ್ಳುವುದಕ್ಕಿಂತ ಜೋರಾಗಿ ಸಿಗ್ನಲ್ ಕೊಟ್ಟರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. 100 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಮೇಲೂ ಕೆಳಗೂ ಸಮನಾಗಿ ಹೀಗೆ ಕತ್ತರಿಸಿದರೆ ಅದರ ಜೊತೆಗೆ 300, 500, 700 ಹರ್ಟ್ಸ್‌ನಲ್ಲಿ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ತಂಬೂರಿಯ ಕುದುರೆಯ ಮೇಲೆ ಜೀವಾಳಿ ದಾರ ಸರಿಯಾಗಿ ಕೂತಾಗ ತಂತಿ ಝೇಂಕರಿಸುತ್ತದಲ್ಲ, ಅಲ್ಲಿ ನಡೆಯುವ ಕೆಲಸ ಬೇರೆ, ಆದರೆ ಕಿವಿಗೆ ದೊರಕುವ ಲಾಭ ಒಂದೇ ಜಾತಿಯದು: ಒಂದು ಸ್ವರ ಹತ್ತಾಗುತ್ತದೆ. ಅರವತ್ತು ಟ್ರ್ಯಾಕನ್ನೂ ಹೀಗೆ ಹತ್ತುಪಟ್ಟು ಮಾಡಿದರೆ ಅವೆಲ್ಲ ಇರಬೇಕಾದದ್ದು ಅದೇ ನಮ್ಮ ಕಿವಿ ಕೇಳುವ ಪಟ್ಟಿಯೊಳಗೆ. ಸೈಟು ಒಂದೇ, ಕಟ್ಟಡ ಅರವತ್ತು.

ಹಾಗಾಗಿ ಹುಡುಗರನ್ನು ಕೂರಿಸಿ ಈ ಬ್ಯಾಂಡಿನ ಆಲ್ಬಮ್‌ಗಳನ್ನೇ ಕೇಳಿಸುತ್ತೇನೆ. ಬ್ಯಾಂಡ್ ಅಂತ ಹೆಸರಿಗೆ. ಬಹುಕಾಲ ಅದು ಟ್ರೆಂಟ್ ರೆಜ್ನರ್ ಎಂಬ ಒಬ್ಬನೇ. 1988ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾಯಿತು. ಅವನು ಅಲ್ಲಿನ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುವುದರಿಂದ ಹಿಡಿದು ಸಹಾಯಕನ ಕೆಲಸದವರೆಗೆ ಎಲ್ಲ ಮಾಡುತ್ತಿದ್ದ. ಸ್ಟುಡಿಯೋ ಖಾಲಿ ಬಿದ್ದಾಗ ತನ್ನ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅದರಿಂದ ಹುಟ್ಟಿದ್ದು 1989ರ ‘ಪ್ರೆಟಿ ಹೇಟ್ ಮಷೀನ್’. ಈಗ ಕೇಳಿದರೆ ಅದು ಸಣಕಲು, ಸಿಟ್ಟು ಬಂದ ಡಿಸ್ಕೋ. ಅಭಿಮಾನಿಗಳು ಬೈದರೂ ಚಿಂತೆಯಿಲ್ಲ. ಮೂರು ವರ್ಷದ ಮೇಲೆ, ರೆಕಾರ್ಡ್ ಕಂಪನಿಯ ಜೊತೆ ಜಗಳ ಕಾಯುತ್ತಲೇ ಅವರ ಕಣ್ಣು ತಪ್ಪಿಸಿ ಮಾಡಿದ ‘ಬ್ರೋಕನ್’ನಲ್ಲಿ ಗಿಟಾರು ಮುಂದೆ ಬಂತು. ಅದರ ‘ವಿಷ್’ ಹಾಡಿಗೆ ಮೆಟಲ್ ವಿಭಾಗದಲ್ಲಿ ಗ್ರ್ಯಾಮಿಯೂ ಬಂತು.

ನಾನು ಹೆಚ್ಚು ಹೊತ್ತು ನಿಲ್ಲುವುದು 1994ರ ‘ದ ಡೌನ್‌ವರ್ಡ್ ಸ್ಪೈರಲ್’ ಹತ್ತಿರ. ಅದನ್ನು ಲಾಸ್ ಏಂಜಲಿಸ್‌ನಲ್ಲಿ, 1969ರಲ್ಲಿ ಚಾರ್ಲ್ಸ್ ಮ್ಯಾನ್ಸನ್ ಎಂಬವನ ಗುಂಪಿನವರು ಕೊಲೆ ಮಾಡಿದ ಮನೆಯಲ್ಲಿ ಸ್ಟುಡಿಯೋ ಹೂಡಿ ರೆಕಾರ್ಡ್ ಮಾಡಿದರು ಎನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮನೆಯ ಕಥೆ ಬಿಡಿ, ಮಿಕ್ಸ್ ಕೇಳಿ. ಮೊದಲ ಹಾಡು ಯಾರನ್ನೋ ಬಡಿಯುವ ಸದ್ದಿನಿಂದ ತೆರೆದುಕೊಳ್ಳುತ್ತದೆ. ಬಡಿತ ತೀವ್ರವಾಗುತ್ತ ಹೋಗಿ, ಒಮ್ಮೆಲೇ ಗೋಡೆ ಕುಸಿದಂತೆ ಎಲ್ಲ ವಾದ್ಯಗಳೂ ಬೀಳುತ್ತವೆ. ನಡುವೆ ಒಂದು ಕಡೆ ಅಷ್ಟೂ ಗದ್ದಲ ಮಾಯ, ಪಿಸುಮಾತು ಮಾತ್ರ. ಸದ್ದು ಏರಿಸಿ ಇಳಿಸುವ ಫೇಡರಿನ ಮೇಲೆ ಕೈಯಿಟ್ಟವನಿಗೆ ಗೊತ್ತು, ಆ ಪಿಸುಮಾತನ್ನು ಅಷ್ಟು ಕೆಳಗೆ ಬಿಡಲು ಗಟ್ಟಿ ಗುಂಡಿಗೆ ಬೇಕು. ಜನ ವಾಲ್ಯೂಮ್ ಏರಿಸುತ್ತಾರೆ, ಏರಿಸಿದ ಮೇಲೆ ಗೋಡೆ ಮತ್ತೆ ಕುಸಿಯುತ್ತದೆ.

‘ಮಾರ್ಚ್ ಆಫ್ ದ ಪಿಗ್ಸ್’ ಇನ್ನೂ ಚಂದ. ಏಳು, ಏಳು, ಏಳು, ಎಂಟು ಎಂಬ ಎಣಿಕೆಯಲ್ಲಿ ಸುತ್ತುತ್ತದೆ. ಮಿಶ್ರ ಛಾಪು ಹಾಕಿ ರೂಢಿಯಿರುವ ಕೈ ಮೂರು ಆವರ್ತ ಸರಾಗ ಹೋಗಿ ನಾಲ್ಕನೆಯದರಲ್ಲಿ ಎಡವುತ್ತದೆ. ಓಡುತ್ತಿದ್ದ ಹಾಡು ಗಕ್ಕನೆ ನಿಂತಾಗ, ಏನೂ ಆಗಿಲ್ಲವೆಂಬಂತೆ ಪಿಯಾನೋ ಒಂದೆರಡು ಸಾಲು ನುಡಿಸುತ್ತದೆ. ‘ಪಿಗ್ಗಿ’ಯ ಕೊನೆಯಲ್ಲಿ ಹುಚ್ಚೆದ್ದು ಬಾರಿಸಿದ ಡ್ರಮ್ಸ್ ಇದೆಯಲ್ಲ, ಅದು ಮೈಕುಗಳನ್ನು ಪರೀಕ್ಷಿಸಲು ರೆಜ್ನರ್ ತಾನೇ ಕೂತು ಬಾರಿಸಿದ್ದು, ಹಿಡಿಸಿತೆಂದು ಹಾಗೇ ಉಳಿಸಿಕೊಂಡ. ನಮ್ಮಲ್ಲಿ ಮೈಕ್ ಟೆಸ್ಟಿನ ಟೇಕನ್ನು ಮೊದಲು ಅಳಿಸುತ್ತೇವೆ. ಇದನ್ನು ಓದಿದ ಮೇಲೆ ನಾನು ಅಳಿಸುವುದನ್ನು ನಿಲ್ಲಿಸಿದೆ. ಈವರೆಗೆ ಒಂದೂ ಉಪಯೋಗಕ್ಕೆ ಬಂದಿಲ್ಲ, ಅದು ಬೇರೆ ಮಾತು.

ಕೊನೆಯ ‘ಹರ್ಟ್’ ಹಾಡನ್ನು ಬಹಳ ಮಂದಿ ಅಮೆರಿಕದ ಹಿರಿಯ ಗಾಯಕ ಜಾನಿ ಕ್ಯಾಶ್ 2002ರಲ್ಲಿ ಹಾಡಿದ್ದರಿಂದ ಬಲ್ಲರು. ಆ ಮುದಿ ಕಂಠದ ಮುಂದೆ ಯಾರಾದರೂ ತಲೆ ಬಾಗಬೇಕು. ಆದರೆ ಮೂಲದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ದನಿಯ ಹಿಂದೆ ಉದ್ದಕ್ಕೂ ಸಣ್ಣಗೆ ಒಂದು ಸುಂಯ್‌ಗುಟ್ಟುವಿಕೆ, ಗಿಟಾರಿನಲ್ಲಿ ಬೇಕೆಂದೇ ಹೊಂದದ ಒಂದು ಸ್ವರ. ಹಾಡಿನ ಕೊಟ್ಟಕೊನೆಗೆ, ಮಾತು ಮುಗಿಯುವ ಹೊತ್ತಿಗೆ, ಹರಿದ ಗಿಟಾರಿನ ಒಂದೇ ದೊಡ್ಡ ಏಟು. ಆಲ್ಬಮ್ ಇಡೀ ಬಳಸಿದ ಅದೇ ಡಿಸ್ಟಾರ್ಷನ್, ಇಷ್ಟು ಹೊತ್ತು ಕಾಯಿಸಿದ್ದರಿಂದ, ಎದೆಗೇ ನಾಟುತ್ತದೆ.

ಐದು ವರ್ಷ ಬಿಟ್ಟು, 1999ರಲ್ಲಿ ಬಂದ ‘ದ ಫ್ರಾಜೈಲ್’ 23 ಹಾಡಿನ ಜೋಡಿ ಆಲ್ಬಮ್. ನ್ಯೂ ಆರ್ಲಿಯನ್ಸ್‌ನಲ್ಲಿ, ಹಿಂದೆ ಶವಸಂಸ್ಕಾರದ ಮನೆಯಾಗಿದ್ದ ಕಟ್ಟಡದಲ್ಲಿ ಅವನದೇ ಸ್ಟುಡಿಯೋ. (ಕಟ್ಟಡ ಆರಿಸುವುದರಲ್ಲಿ ಆಸಾಮಿಯ ರುಚಿಯೇ ವಿಚಿತ್ರ.) ರಾಶಿ ಬಿದ್ದ ಹಾಡುಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸುವುದೆಂದು ತೋಚದೆ, ಪಿಂಕ್ ಫ್ಲಾಯ್ಡ್‌ನ ‘ದ ವಾಲ್’ ನಿರ್ಮಾಪಕರಲ್ಲಿ ಒಬ್ಬರಾದ ಬಾಬ್ ಎಜ್ರಿನ್‌ರನ್ನು ಕರೆಸಿದರು. ಬಂದ ವಾರ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ, ಮರುವಾರ ಹದಿನಾರು. ಒಂದೇ ಕೂರಿಕೆಯಲ್ಲಿ ಮುಗಿಯುವ ಆಲ್ಬಮ್ ಅಲ್ಲ, ಒಪ್ಪುತ್ತೇನೆ. ಆದರೂ ‘ದ ಡೇ ದ ವರ್ಲ್ಡ್ ವೆಂಟ್ ಅವೇ’ ಕೇಳಿಸದೆ ಯಾವ ಹುಡುಗನನ್ನೂ ಮನೆಗೆ ಕಳಿಸುವುದಿಲ್ಲ. ಕಟ್ಟಡ ನಡುಗಿಸುವಂಥ ಆ ಹಾಡಿನಲ್ಲಿ ಡ್ರಮ್ಸೇ ಇಲ್ಲ. “ಎಷ್ಟು ಕಿಕ್ ಡ್ರಮ್ ಹಾಕಿದ್ದಾರೆ ಹೇಳು” ಎಂದು ಕೇಳುತ್ತೇನೆ. ಇಬ್ಬರು ‘ಎರಡು’ ಎಂದಿದ್ದಾರೆ.

2005ರ ‘ವಿತ್ ಟೀತ್’ ಬಗ್ಗೆ ಹೆಚ್ಚು ಹೇಳಲಾರೆ, ‘ನಿರ್ವಾಣ’ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್ ಡ್ರಮ್ಸ್ ಬಾರಿಸಿದ ಹಾಡುಗಳು ಗಟ್ಟಿಯಾಗಿವೆ ಎನ್ನುವುದನ್ನು ಬಿಟ್ಟು. ಆದರೆ ಆಗ ರೆಜ್ನರ್ ಮಾಡಿದ ಒಂದು ಕೆಲಸ ನನ್ನಂಥವರಿಗೆ ಪಾಠಶಾಲೆ: ‘ದ ಹ್ಯಾಂಡ್ ದಟ್ ಫೀಡ್ಸ್’ ಹಾಡಿನ ಬಿಡಿ ಟ್ರ್ಯಾಕುಗಳನ್ನು ಆ್ಯಪಲ್ ಕಂಪ್ಯೂಟರಿನ ಸಂಗೀತದ ತಂತ್ರಾಂಶವಾದ ಗರಾಜ್‌ಬ್ಯಾಂಡ್‌ನ ಫೈಲಾಗಿ ಎಲ್ಲರಿಗೂ ಪುಕ್ಕಟೆ ಕೊಟ್ಟ. ಒಂದೊಂದೇ ಟ್ರ್ಯಾಕನ್ನು ಸೋಲೋ ಮಾಡಿ ಕೇಳಿದಾಗ ನನಗೆ ಮೊದಲು ಅನಿಸಿದ್ದು, ಅಯ್ಯೋ, ಇಷ್ಟೇನಾ! ಕೂಡಿಸಿದರೆ ಮಾತ್ರ ಕಬ್ಬಿಣ.

2007ರ ‘ಇಯರ್ ಝೀರೋ’ದಲ್ಲಿ ಸದ್ದನ್ನು ಚಿತ್ರವಾಗಿಯೂ ಬಳಸಿದರು. ಪ್ರವಾಸದ ಸಂಗೀತ ಕಛೇರಿಗಳ ಶೌಚಾಲಯದಲ್ಲಿ ಬೇಕೆಂದೇ ಬಿಟ್ಟುಹೋದ ಯು.ಎಸ್.ಬಿ. ಡ್ರೈವಿನಲ್ಲಿ ಹೊಸ ಹಾಡು. ಹಾಡಿನ ತುದಿಯ ಗೊರಗೊರ ಸದ್ದನ್ನು ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಸದ್ದಿನ ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ, ನೋಡಿದರೆ ಆಕಾಶದಿಂದ ಇಳಿಯುವ ಕೈಯ ಆಕೃತಿ. ಮರುವರ್ಷ ‘ಘೋಸ್ಟ್ಸ್ 1–4’: ಮಾತಿಲ್ಲದ 36 ತುಣುಕು, ಮೊದಲ ಒಂಬತ್ತು ಉಚಿತ, ಪೂರ್ತಿಗೆ ಐದು ಡಾಲರ್. ಸಹಿ ಹಾಕಿದ 300 ಡಾಲರಿನ 2,500 ಪೆಟ್ಟಿಗೆಗಳು ಒಂದೂ ಉಳಿಯಲಿಲ್ಲ. ಅದರ ಮೂವತ್ತನಾಲ್ಕನೆಯ ತುಣುಕಿನ ಬ್ಯಾಂಜೋ ಮೀಟನ್ನು ಯುವಕನೊಬ್ಬ ಎತ್ತಿಕೊಂಡು ಬೀಟ್ ಮಾಡಿದ. ಅದರ ಮೇಲೆ ಕಟ್ಟಿದ ‘ಓಲ್ಡ್ ಟೌನ್ ರೋಡ್’ 2019ರಲ್ಲಿ ಅಮೆರಿಕದ ಪಟ್ಟಿಯ ತುದಿಯಲ್ಲಿ 19 ವಾರ ಕೂತಿತು. ಯಂತ್ರದಂಥ ಸದ್ದಿನ ಇಂಡಸ್ಟ್ರಿಯಲ್ ರಾಕ್ ಬ್ಯಾಂಡಿನ ಅತಿ ಹೆಚ್ಚು ಕೇಳಿಸಿಕೊಂಡ ಸದ್ದು ಬಹುಶಃ ಈ ಮೆಲುದನಿಯ ತಂತಿ.

ನನ್ನ ಕಸುಬಿಗೆ ಅತಿ ಹತ್ತಿರದ ಆಲ್ಬಮ್ 2013ರ ‘ಹೆಸಿಟೇಷನ್ ಮಾರ್ಕ್ಸ್’. ಅದಕ್ಕೆ ಮಾಸ್ಟರಿಂಗ್ ಎಂಜಿನಿಯರ್ ಟಾಮ್ ಬೇಕರ್ ಎರಡು ಮಾಸ್ಟರ್ ಮಾಡಿದರು. ಒಂದು ಮಾಮೂಲಿ, ಕಾರಿನಲ್ಲೂ ಫೋನಿನಲ್ಲೂ ಮೆರೆಯುವಷ್ಟು ಜೋರು. ಇನ್ನೊಂದರಲ್ಲಿ ಲಿಮಿಟರಿನ ಒತ್ತಡ ಕಡಿಮೆ. ಲಿಮಿಟರ್ ಎಂದರೆ ಎತ್ತರದ ಅಲೆಗಳನ್ನು ಅದುಮಿ, ಉಳಿದದ್ದನ್ನು ಎತ್ತಿ ಕೂರಿಸುವ ಯಂತ್ರ. ಎಲ್ಲರನ್ನೂ ಒಂದೇ ಎತ್ತರಕ್ಕೆ ತಂದರೆ ಜೋರೇನೋ ಬರುತ್ತದೆ, ಏಟು ಏಟಾಗಿ ಉಳಿಯುವುದಿಲ್ಲ. ಹೆಚ್ಚಿನವರಿಗೆ ಮಾಮೂಲಿಯದೇ ಸರಿ, ವ್ಯತ್ಯಾಸ ಹಿಡಿಯುವುದೂ ಕಷ್ಟ ಎಂದು ಬ್ಯಾಂಡಿನ ಕಡೆಯವರೇ ಹೇಳಿಬಿಟ್ಟರು. ಅಷ್ಟು ಪ್ರಾಮಾಣಿಕತೆ ನಮ್ಮ ಬೀದಿಯಲ್ಲಿ ಅಪರೂಪ. ಎರಡನ್ನೂ ಕೇಳಿಸುವಾಗ ಒಂದು ಎಚ್ಚರ: ವಾಲ್ಯೂಮನ್ನು ಸರಿಹೊಂದಿಸಿ ಎರಡನ್ನೂ ಸಮ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಪ್ರತಿ ಸಲವೂ ಮೋಸಹೋಗುತ್ತದೆ, ನನ್ನದೂ ಸೇರಿ.

ಆಮೇಲೆ ರೆಜ್ನರ್‌ನ ಬಹುಕಾಲದ ಜೊತೆಗಾರ ಅಟಿಕಸ್ ರಾಸ್ 2016ರಲ್ಲಿ ಅಧಿಕೃತವಾಗಿ ಬ್ಯಾಂಡಿಗೆ ಸೇರಿದರು, ಮೂರು ಚಿಕ್ಕ ಆಲ್ಬಮ್‌ಗಳು ಬಂದವು. 2018ರ ‘ಬ್ಯಾಡ್ ವಿಚ್’ನಲ್ಲಿ ರೆಜ್ನರ್ ಸ್ಯಾಕ್ಸೋಫೋನ್ ಊದಿದ್ದಾನೆ, ಅರ್ಧ ಗಂಟೆಯಷ್ಟೇ ಇರುವ ಅದು ನನಗೆ ‘ದ ಫ್ರಾಜೈಲ್’ಗಿಂತ ಹೆಚ್ಚು ಸಲ ಬೇಕೆನಿಸುತ್ತದೆ.

ಹೋದ ತಿಂಗಳು ಬಂದ ಹುಡುಗನ ಹಾಡಿನಲ್ಲಿ ಅರವತ್ತೆರಡು ಟ್ರ್ಯಾಕಿತ್ತು. ಇದೆಲ್ಲ ಕೇಳಿಸಿದ ಮೇಲೆ, “ಈಗ ನೀನೇ ಒಂದೊಂದನ್ನು ಮ್ಯೂಟ್ ಮಾಡುತ್ತ ಬಾರಪ್ಪ, ಹಾಡು ಬಿದ್ದುಹೋಗುವ ಜಾಗದಲ್ಲಿ ನಿಲ್ಲಿಸು” ಎಂದು ಹೇಳಿ ಕಾಫಿ ತರಲು ಹೋದೆ. ವಾಪಸ್ ಬಂದಾಗ ಹದಿನೇಳು ಉಳಿದಿದ್ದವು. ಚರಣದ ಅಡಿಯಲ್ಲಿ ಅವನ ಸ್ವಂತ ದನಿ ಮೊದಲ ಸಲ ಕೇಳಿಸುತ್ತಿತ್ತು. ಪಾಪ, ಅದನ್ನು ಕೇಳಿ ಅವನಿಗೆ ನಾಚಿಕೆ. ಅದರ ಮೇಲಾದರೂ ಸ್ವಲ್ಪ ಡಿಸ್ಟಾರ್ಷನ್ ಇರಲಿ ಸರ್ ಎಂದು ಗೋಗರೆದ. ಎರಡನೆಯ ಚರಣಕ್ಕೆ ಮಾತ್ರ ಹಾಕಿದೆವು. ಹೋಗುವಾಗ ತನಗೂ ಎರಡು ಮಾಸ್ಟರ್ ಬೇಕೆಂದ, ಒಂದು ಗೆಳೆಯನ ಕಾರಿಗೆ, ಒಂದು ತನ್ನ ಹೆಡ್‌ಫೋನಿಗೆ. ಎರಡಕ್ಕೆ ಎರಡು ಬಿಲ್ಲು ಅಂದೆ. ಯೋಚಿಸಿ ಹೇಳುತ್ತೇನೆ ಸರ್ ಎಂದು ಹೋದವನು ಹೆಡ್‌ಫೋನಿನದಕ್ಕೆ ಮಾತ್ರ ದುಡ್ಡು ಕಳಿಸಿದ್ದಾನೆ.