ಹಳ್ಳಿಯ ಮನೆ ಕಡಿಮೆ ಬೆಲೆಗೆ ಏಕೆ ಸಿಗುತ್ತಿದೆ?

ಶಿರಸಿ ಪೇಟೆಯ ನಿವೇಶನಗಳ ಬೆಲೆ ಸಂಬಳದಾರರ ಕೈಗೆ ಎಟುಕದಂತಾದ ಮೇಲೆ, ಹುಲೇಕಲ್, ಇಸಳೂರು, ಬಿಸಲಕೊಪ್ಪ, ಕಾನಸೂರುಗಳ ಕಡೆ ಹಳೆಯದೊಂದು ಹಂಚಿನ ಮನೆ ಕೊಂಡು ದಿನವೂ ಪೇಟೆಗೆ ಓಡಾಡಿಕೊಂಡಿರುವ ಯೋಚನೆ ಹೊತ್ತು ವಕೀಲರ ಕಚೇರಿಗೆ ಬರುವವರು ಹೆಚ್ಚಾಗಿದ್ದಾರೆ. ಕಾರವಾರದವರು ಇದೇ ಲೆಕ್ಕದಲ್ಲಿ ಅಸ್ನೋಟಿ, ಮಾಜಾಳಿಗಳತ್ತ ನೋಡುತ್ತಾರೆ. ಯೋಚನೆಯಲ್ಲಿ ತಪ್ಪಿಲ್ಲ. ಮಕ್ಕಳು ಬೆಂಗಳೂರು ಸೇರಿ, ವಯಸ್ಸಾದವರು ಅವರ ಹಿಂದೆ ಹೋಗಿ, ಬೀಗ ಬಿದ್ದಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಷ್ಟಿವೆ. ಆದರೆ ಕಾಗದಪತ್ರ ತೆಗೆದುಕೊಂಡು ಬಂದವರನ್ನು ನಾನು ಮೊದಲು ಕೇಳುವುದು ಮನೆಯ ಬೆಲೆ ಎಷ್ಟು ಎಂದಲ್ಲ, ಆ ಬೆಲೆ ಅಷ್ಟು ಕಡಿಮೆ ಏಕೆ ಎಂದು. ಪೇಟೆಯಿಂದ ದೂರ, ಮನೆ ಹಳೆಯದು, ಮಾರುವವರಿಗೆ ನೋಡಿಕೊಳ್ಳಲು ಜನವಿಲ್ಲ ಎಂಬವು ನಂಬಬಹುದಾದ ಕಾರಣಗಳು. ಇವು ಮೂರೂ ಸೇರಿದರೂ ಬೆಲೆಯ ಇಳಿಕೆಯನ್ನು ವಿವರಿಸಲಾಗದಿದ್ದರೆ, ಉಳಿದ ಕಾರಣ ಸಾಮಾನ್ಯವಾಗಿ ಮನೆಯ ಕೆಳಗಿನ ನೆಲದಲ್ಲಿರುತ್ತದೆ.

ಉತ್ತರ ಕನ್ನಡದ ಬಹುಭಾಗ ಅರಣ್ಯ. ಮಾಲ್ಕಿ, ಅಂದರೆ ಖಾಸಗಿ ಒಡೆತನದ, ಜಮೀನು ಇರುವುದು ಬಹುಮಟ್ಟಿಗೆ ಕಣಿವೆಯ ತೋಟ, ಗದ್ದೆ ಮತ್ತು ಅವುಗಳ ಅಂಚಿನಲ್ಲಿ. ಆದ್ದರಿಂದ ಇಲ್ಲಿ ಮಾರಾಟಕ್ಕೆ ಬರುವ ಅಗ್ಗದ ಮನೆಗಳಲ್ಲಿ ಅರಣ್ಯ ಅತಿಕ್ರಮಣದ ಮನೆಗಳೂ ಇರುತ್ತವೆ. ಮಾರುವವರು ‘ಜಿಪಿಎಸ್ ಆಗಿದೆ’ ಎಂದು ಧೈರ್ಯ ಹೇಳುತ್ತಾರೆ. ಜಿಪಿಎಸ್ ಆಗಿದೆ ಎಂದರೆ ಅರಣ್ಯ ಹಕ್ಕು ಅರ್ಜಿಗಾಗಿ ಜಾಗದ ಅಳತೆ ನಡೆದಿದೆ ಎಂದಷ್ಟೇ ಅರ್ಥ, ಹಕ್ಕು ಮಂಜೂರಾಗಿದೆ ಎಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ ಇರಬೇಕು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಾದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನೂ ತೋರಿಸಬೇಕು. ಇಷ್ಟೆಲ್ಲ ಆಗಿ ಹಕ್ಕುಪತ್ರ ಕೈಗೆ ಬಂದರೂ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಕಾಯ್ದೆಯ 4ನೇ ಕಲಮಿನ 4ನೇ ಉಪಕಲಮು ಇದನ್ನು ಸಂಶಯಕ್ಕೆಡೆಯಿಲ್ಲದಂತೆ ಹೇಳಿದೆ. ಹೀಗಿದ್ದೂ ಇಂಥ ಮನೆಗಳು ನೂರು ರೂಪಾಯಿಯ ಬಾಂಡ್ ಪೇಪರಿನ ಮೇಲೆ ಕೈ ಬದಲಾಗುತ್ತಲೇ ಇವೆ. ಆ ಕಾಗದದಿಂದ ಕೊಂಡವರಿಗೆ ಒಡೆತನ ಬರುವುದಿಲ್ಲ, ಕೊಟ್ಟ ಹಣವನ್ನು ಮರಳಿ ಪಡೆಯುವುದೂ ಸುಲಭವಲ್ಲ. ನೋಂದಾಯಿತ ಖರೀದಿ ಪತ್ರವಿಲ್ಲದೆ ಬರೀ ಕರಾರು ಮತ್ತು ಅಧಿಕಾರ ಪತ್ರಗಳಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಸೊಪ್ಪಿನ ಬೆಟ್ಟದ್ದು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲೆಂದು ಬಿಟ್ಟ ಬೆಟ್ಟದಲ್ಲಿ ತೋಟದವರಿಗೆ ಇರುವುದು ಅನುಭೋಗದ ಸವಲತ್ತು, ನೆಲ ಸರ್ಕಾರದ್ದು. ಮನೆ ಮಾಲ್ಕಿಯಲ್ಲಿ ಇದ್ದರೂ, ಕಾಲಕಾಲಕ್ಕೆ ಕಟ್ಟಿದ ಕೊಟ್ಟಿಗೆ, ಬಚ್ಚಲು, ಅಡಿಕೆ ಒಣಗಿಸುವ ಅಂಗಳ, ಕೆಲವೊಮ್ಮೆ ಮನೆಯ ಹಿಂದಿನ ಅರ್ಧವೇ ಬೆಟ್ಟದ ಸರ್ವೆ ನಂಬರಿನೊಳಗೆ ಚಾಚಿಕೊಂಡಿರುತ್ತದೆ. ಇದು ಪಹಣಿಯಲ್ಲಿ ಕಾಣುವುದಿಲ್ಲ. ಭೂಮಾಪಕರಿಂದ ಹದ್ದುಬಸ್ತು, ಅಂದರೆ ಗಡಿಯ ಅಳತೆ, ಮಾಡಿಸಿದಾಗ ಮಾತ್ರ ತಿಳಿಯುತ್ತದೆ. ಹಾಗಾಗಿ ಹತ್ತಾರು ಪುಟಗಳ ಹಳೆಯ ದಸ್ತಾವೇಜಿಗಿಂತ ಹೊಸದಾಗಿ ಮಾಡಿಸಿದ ಒಂದು ಅಳತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ತೋಟವನ್ನು ಇಟ್ಟುಕೊಂಡು ಮನೆಯನ್ನಷ್ಟೇ ಮಾರುವ ಪ್ರಸಂಗ. ಸ್ವಂತ ಜಮೀನಿನಲ್ಲಿ ಕೃಷಿಕನು ಮಿತಿಯೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯ 95ನೇ ಕಲಮು ಅವಕಾಶ ಕೊಟ್ಟಿದೆ, ಅದಕ್ಕೆ ಎನ್‌ಎ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಆದೇಶ, ಬೇಕಾಗಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳು ಹೀಗೆ ನಿಂತವು. ಆದರೆ ಅದೇ ಮನೆಯನ್ನು ಐದಾರು ಗುಂಟೆ ಜಾಗದೊಂದಿಗೆ ಬೇರೆಯವರಿಗೆ ಕೊಡುವಾಗ, ಬೇಸಾಯದ ನೆರಳಿನಲ್ಲಿ ಸಿಕ್ಕಿದ್ದ ಆ ವಿನಾಯಿತಿಗೆ ಆಧಾರವೇ ಉಳಿಯುವುದಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟಿದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ನಿಜ, ಆದರೆ ಕೊಂಡ ಜಮೀನು ಕೃಷಿ ಜಮೀನಾಗಿಯೇ ಉಳಿಯುತ್ತದೆ. ಬ್ಯಾಂಕಿನವರು ಗೃಹಸಾಲಕ್ಕೆ ಎನ್‌ಎ ಆದೇಶ ಮತ್ತು ಪಂಚಾಯತದ ಇ-ಸ್ವತ್ತು (ಆಸ್ತಿಯ ಗಣಕೀಕೃತ ದಾಖಲೆ) ಕೇಳಿದಾಗ ಈ ವ್ಯತ್ಯಾಸ ಅರಿವಿಗೆ ಬರುತ್ತದೆ. ಗಾಂವಠಾಣದೊಳಗಿನ, ಅಂದರೆ ಊರಿನ ವಸತಿ ಪ್ರದೇಶದ, ಅಥವಾ ಕ್ರಮಬದ್ಧವಾಗಿ ಎನ್‌ಎ ಆದ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಸಿಗುತ್ತವೆ, ಉಳಿದವು 11ಬಿ ನಮೂನೆಗೆ ಹೋಗುತ್ತವೆ. ಮನೆ ನಂಬರು ಇದೆ, ಕರ ತುಂಬಿದ ರಸೀದಿ ಇದೆ, ಹೆಸ್ಕಾಂ ಮೀಟರು ಇದೆ ಎಂದು ಮಾರುವವರು ಒಂದೊಂದೇ ಕಾಗದ ಮುಂದಿಡಬಹುದು. ಇವೆಲ್ಲ ವಾಸಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ.

ನೆಲ ಸರಿಯಿದ್ದರೆ ಮುಂದಿನ ಪ್ರಶ್ನೆ ಹಿಸ್ಸೆಯದು. ಹಳೆಯ ಮನೆಗಳಲ್ಲಿ ಅಜ್ಜನ ಹೆಸರಿನಿಂದ ನೇರವಾಗಿ ಮೊಮ್ಮಗನ ಹೆಸರಿಗೆ ಬಂದ ಪಹಣಿಗಳನ್ನೂ, ಗಂಡುಮಕ್ಕಳ ಹೆಸರನ್ನು ಮಾತ್ರ ತೋರಿಸುವ ವಾರಸಾ ನೋಂದಣಿಗಳನ್ನೂ ಈಗಲೂ ಕಾಣುತ್ತೇನೆ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿಯಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಪ್ರಯತ್ನವಾಗಿತ್ತು. 2005ರ ಕೇಂದ್ರದ ತಿದ್ದುಪಡಿ ಮತ್ತು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪಿನ ನಂತರ, ಮಗಳ ಪಾಲಿನ ವಿಷಯದಲ್ಲಿ ತಂದೆ 2005ರಲ್ಲಿ ಬದುಕಿದ್ದರೋ ಇಲ್ಲವೋ ಎಂಬ ಚರ್ಚೆಗೂ ಜಾಗವಿಲ್ಲ. ‘ಅಕ್ಕ ತಂಗಿಯರು ಏನೂ ಹೇಳುವುದಿಲ್ಲ’ ಎಂಬ ಭರವಸೆ ಬಹುತೇಕ ಪ್ರಾಮಾಣಿಕವಾದದ್ದೇ, ಅವರು ನಿಜಕ್ಕೂ ಏನೂ ಹೇಳಲಿಕ್ಕಿಲ್ಲ. ಆದರೆ ಅವರ ಮಕ್ಕಳ ಪರವಾಗಿ ಮಾತು ಕೊಡಲು ಯಾರಿಗೂ ಆಗದು. ಎಲ್ಲರೂ ಖರೀದಿ ಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ಮೊದಲು ನೋಂದಾಯಿತ ಹಕ್ಕುಬಿಡುಗಡೆ ಪತ್ರ ಆಗಲಿ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟವನ್ನು 1978ರ ಕಾಯ್ದೆ ಅಸಿಂಧುವೆನ್ನುತ್ತದೆ. ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿರುವುದರಿಂದ, ಎಷ್ಟೇ ಹಳೆಯ ಮಂಜೂರಾತಿಯಾದರೂ ಮೂಲ ಆದೇಶ ನೋಡದೆ ಮುಂದುವರಿಯಬಾರದು.

ದಾರಿಯ ವಿಷಯವನ್ನು ಕೊಳ್ಳುವವರು ಬಹುತೇಕ ಮರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿಲ್ಲ. ಡಾಂಬರು ರಸ್ತೆಯಿಂದ ಮನೆಯಂಗಳದವರೆಗಿನ ಹಾದಿ ಇನ್ನೊಬ್ಬರ ಬೇಣವೆಂಬ ಹುಲ್ಲುನೆಲದಲ್ಲೋ ತೋಟದ ಅಂಚಿನಲ್ಲೋ ಹಾಯ್ದುಬಂದಿರುತ್ತದೆ. ನಡೆದುಹೋಗಲು ತಕರಾರು ಮಾಡದ ನೆರೆಯವರು ಕಾರಿಗೆ ಒಪ್ಪಬೇಕೆಂದೇನಿಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬಳಸಿದ ದಾರಿಯ ಮೇಲೆ ಹಕ್ಕು ಹುಟ್ಟುತ್ತದೆ, ಆದರೆ ಅದನ್ನು ಸಾಬೀತು ಮಾಡುವ ಜಾಗ ಸಿವಿಲ್ ನ್ಯಾಯಾಲಯ. ಹೊಸದಾಗಿ ಊರಿಗೆ ಬಂದವರು ದಾವೆಯಿಂದ ಸಂಸಾರ ಆರಂಭಿಸುವ ಬದಲು, ದಾರಿಯ ಅಗಲವನ್ನು ನಮೂದಿಸಿದ ಕರಾರನ್ನು ನೆರೆಯವರಿಂದ ಮೊದಲೇ ಬರೆಸಿ ನೋಂದಾಯಿಸುವುದು ಲೇಸು.

ಕರಾವಳಿಯಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಸೇರಿಕೊಳ್ಳುತ್ತದೆ. ಸಮುದ್ರ ದೂರವಿದೆ ಎಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಉಬ್ಬರದ ನೀರು ಏರುವಷ್ಟು ದೂರವೂ ದಂಡೆಗಳು ಈ ನಿಯಮದೊಳಗೆ ಬರುತ್ತವೆ. ಇರುವ ಮನೆಯಲ್ಲಿ ವಾಸಿಸಲು ಅಡ್ಡಿಯಿಲ್ಲದಿದ್ದರೂ, ಕೆಡವಿ ಹೊಸದು ಕಟ್ಟುವ ಲೆಕ್ಕದಲ್ಲಿ ಕೊಳ್ಳುವವರು ಮೊದಲು ನಕ್ಷೆ ನೋಡಬೇಕು.

ಓಡಾಟದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಹಲವು ದಿನ ಬಂದಾಯಿತು. ಮರುತಿಂಗಳ 7ರಂದು ಕಾರವಾರದ ಕಾಳಿ ಹಳೆಸೇತುವೆ ಬಿದ್ದಿತು. ಘಟ್ಟದ ಮೇಲೂ ಮಳೆಗಾಲದಲ್ಲಿ ಮರ ಬಿದ್ದರೆ ಅರ್ಧ ದಿನ ಹೋಯಿತೆಂದೇ ತಿಳಿಯಬೇಕು. ಪರ್ಯಾಯ ರಸ್ತೆ ಇದೆಯೇ, ಬೆಳಗಿನ ವಸ್ತಿ ಬಸ್ಸು ಹಳ್ಳಿಯಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ, ಸಂಜೆಯ ಕೊನೆಯ ಬಸ್ಸು ಪೇಟೆ ಬಿಡುವುದು ಎಷ್ಟಕ್ಕೆ ಎಂದು ಅಲ್ಲಿನವರನ್ನು ಕೇಳಿ. ಮನೆಯ ಹೆಣ್ಣುಮಕ್ಕಳು ಕೆಲಸಕ್ಕೋ ಕಾಲೇಜಿಗೋ ಹೋಗುವವರಾದರೆ, ಶಕ್ತಿ ಯೋಜನೆಯ ಉಚಿತ ಪ್ರಯಾಣದ ದೆಸೆಯಿಂದ ಬಸ್ಸಿನ ಹಾದಿಯ ಮನೆಗೂ ಒಳದಾರಿಯ ಮನೆಗೂ ತಿಂಗಳ ಖರ್ಚಿನಲ್ಲಿ ಗಣನೀಯ ಅಂತರ ಬೀಳುತ್ತದೆ. ಮನೆಯನ್ನೂ ಆಷಾಢದಲ್ಲೊಮ್ಮೆ ಸೋರಿಕೆಗಾಗಿ, ವೈಶಾಖದಲ್ಲೊಮ್ಮೆ ಬಾವಿಯ ನೀರಿಗಾಗಿ ನೋಡಬೇಕು. ಜಂತಿಗೆ ಒರಲೆ ಹಿಡಿದಿದೆಯೇ ಎಂಬುದನ್ನು ವಕೀಲರಿಗಿಂತ ಊರಿನ ಬಡಗಿ ಚೆನ್ನಾಗಿ ಹೇಳುತ್ತಾನೆ.

ಕೊನೆಗೆ ಕೈಯಲ್ಲಿರಬೇಕಾದ ಹಣ. ಉದಾಹರಣೆಗೆ ಬೆಲೆ 20 ಲಕ್ಷ ರೂಪಾಯಿ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡ 5ರಂತೆ ಒಂದು ಲಕ್ಷ, ಅದರ ಮೇಲೆ ಗ್ರಾಮೀಣ ಭಾಗದ ಸೆಸ್ ಮತ್ತು ಅಧಿಭಾರ ಸೇರಿ 13,000, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 2 ಆಗಿರುವುದರಿಂದ 40,000, ಒಟ್ಟು 1,53,000 ರೂಪಾಯಿ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇಕಡ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿ ಇದ್ದರೂ, ಈ ಮೌಲ್ಯದಲ್ಲಿ ನೋಂದಣಿ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ. ಅದರ ಜೊತೆಗೆ ಹಳೆಯ ಮಣ್ಣುಗೋಡೆಯ ಮನೆಗೆ ಬ್ಯಾಂಕಿನ ಮೌಲ್ಯಮಾಪಕರು ಹಾಕುವ ಬೆಲೆ ಕೇಳಿದ ಬೆಲೆಗಿಂತ ಬಹಳ ಕೆಳಗಿರಬಹುದು. ಆದ್ದರಿಂದ ಮುಂಗಡವನ್ನು ಚಿಕ್ಕದಾಗಿರಿಸಿ, ಅಳತೆ, ಇ-ಸ್ವತ್ತು ಮತ್ತು ಎಲ್ಲ ಹಿಸ್ಸೆದಾರರ ಸಹಿ ಆಗದಿದ್ದರೆ ಅದು ಪೂರ್ತಿ ಮರಳಬೇಕೆಂಬ ಷರತ್ತನ್ನು ಕರಾರಿನಲ್ಲೇ ಬರೆಸುತ್ತೇನೆ. ಈ ಷರತ್ತಿಗೆ ಮಾರುವವರು ಒಪ್ಪದಿದ್ದರೆ, ಬೆಲೆ ಏಕೆ ಕಡಿಮೆ ಎಂಬ ಪ್ರಶ್ನೆಯನ್ನು ಅವರಿಗೇ ನೇರವಾಗಿ ಕೇಳಬಹುದು.