ರೀಬೂಟ್ ಆದಮೇಲೆ ವಿಎಂನ ನೆಟ್‌ವರ್ಕ್ ಎಲ್ಲಿ ಹೋಯಿತು?

ನಿನ್ನೆಯವರೆಗೆ ಸರಿಯಾಗಿದ್ದ ವಿಎಂ (ವರ್ಚುಯಲ್ ಮೆಷಿನ್, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಇವತ್ತು ಬೆಳಿಗ್ಗೆ ನೆಟ್‌ವರ್ಕ್‌ನಲ್ಲಿ ಕಾಣುತ್ತಿಲ್ಲ, ಯಾರೂ ಏನೂ ಮುಟ್ಟಿಲ್ಲ ಎನ್ನುವ ದೂರು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆದಕಿ ನೋಡಿದರೆ ಬಹುಪಾಲು ಸಲ ಸಿಗುವುದು ಇಷ್ಟು: ಕೆಲವು ವಾರಗಳ ಹಿಂದೆ ಓಡುತ್ತಿದ್ದ ವಿಎಂಗೆ ಯಾರೋ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸೇರಿಸಿದ್ದರು. ಕಾರ್ಡ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ರಾತ್ರಿ ಹೋಸ್ಟ್, ಅಂದರೆ ವಿಎಂಗಳನ್ನು ನಡೆಸುವ ನಿಜವಾದ ಯಂತ್ರ, ರೀಬೂಟ್ ಆಯಿತು, ಕಾರ್ಡ್ ಮಾಯವಾಯಿತು.

ಲಿನಕ್ಸ್‌ನಲ್ಲಿ ಕೆವಿಎಂ ಮೇಲೆ ವಿಎಂಗಳನ್ನು ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿಎಂ ನಡೆಸುವ ಸೌಲಭ್ಯವಾದ ಕೆವಿಎಂ 2007ರಲ್ಲಿ 2.6.20 ಆವೃತ್ತಿಯೊಂದಿಗೆ ಲಿನಕ್ಸ್ ಕರ್ನೆಲ್‌ಗೆ ಸೇರಿತು. ಅದನ್ನು ನಾವು ಸಾಮಾನ್ಯವಾಗಿ ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶದ ಮೂಲಕ ನಿಭಾಯಿಸುತ್ತೇವೆ. ಲಿಬ್‌ವರ್ಟ್‌ನ ಕಮಾಂಡ್ ಲೈನ್ ಸಾಧನವೇ ವರ್ಶ್. ಮೌಸ್‌ನಲ್ಲಿ ಕ್ಲಿಕ್ ಮಾಡಿ ಮುಗಿಸಲು ವರ್ಟ್-ಮ್ಯಾನೇಜರ್ ಇದೆ. ಆದರೂ ನೆಟ್‌ವರ್ಕ್ ವಿಷಯ ಬಂದಾಗ ನಾನು ವರ್ಶ್ ಬಿಟ್ಟು ಬೇರೆ ಬಳಸುವುದಿಲ್ಲ. ಬದಲಾಗಬೇಕಾದದ್ದು ಈ ಕ್ಷಣ ಮೆಮೊರಿಯಲ್ಲಿ ಓಡುತ್ತಿರುವ ವಿಎಂ ಮಾತ್ರವೇ, ಡಿಸ್ಕಿನಲ್ಲಿ ಬರೆದಿಟ್ಟಿರುವ ಅದರ ವಿವರ ಮಾತ್ರವೇ, ಅಥವಾ ಎರಡೂವೇ ಎಂಬುದನ್ನು ಅಲ್ಲಿ ನಾವೇ ಬಾಯಿಬಿಟ್ಟು ಹೇಳಬಹುದು.

ಈ ಎರಡು ಸ್ಥಿತಿಗಳು ಬೇರೆ ಬೇರೆ. ಓಡುತ್ತಿರುವ ವಿಎಂಗೆ ಕಾರ್ಡ್ ಸೇರಿಸುವ 'ವರ್ಶ್ ಅಟ್ಯಾಚ್-ಇಂಟರ್‌ಫೇಸ್' ಕಮಾಂಡ್ ಕೊಟ್ಟು ಯಾವ ಫ್ಲ್ಯಾಗನ್ನೂ (ಕಮಾಂಡ್ ಜೊತೆ ಸೇರಿಸುವ ಆಯ್ಕೆ) ಹಾಕದಿದ್ದರೆ ಬದಲಾವಣೆ ಮೆಮೊರಿಗೆ ಮಾತ್ರ ಸೇರುತ್ತದೆ. ವಿಎಂ ಆಫ್ ಆದೊಡನೆ ಅದೂ ಹೋಯಿತು. '--ಕಾನ್ಫಿಗ್' ಮಾತ್ರ ಹಾಕಿದರೆ ಡಿಸ್ಕಿನಲ್ಲಿ ಬರೆದಿರುತ್ತದೆ, ಈಗ ಏನೂ ಕಾಣುವುದಿಲ್ಲ. '--ಲೈವ್ --ಕಾನ್ಫಿಗ್' ಎರಡನ್ನೂ ಹಾಕಿದರೆ ಈಗಲೂ ಇರುತ್ತದೆ, ನಾಳೆಯೂ ಇರುತ್ತದೆ. ಕಾರ್ಡ್ ತೆಗೆಯುವಾಗಲೂ ಇದೇ ಲೆಕ್ಕ. ಮೆಮೊರಿಯಿಂದ ಮಾತ್ರ ತೆಗೆದ ಕಾರ್ಡ್ ಮುಂದಿನ ಸಲ ವಿಎಂ ಆನ್ ಮಾಡಿದಾಗ ಮತ್ತೆ ಹಾಜರಾಗುತ್ತದೆ. ಹೊರಗಿನ ಜಾಲಕ್ಕೆ ತೆರೆದುಕೊಂಡ ಕಾರ್ಡ್ ಅದಾಗಿದ್ದರೆ ಪರಿಣಾಮ ಏನಾದೀತೆಂದು ಯೋಚಿಸಿ.

ಇಲ್ಲಿ ಹಲವರು ಎಡವುವ ಇನ್ನೊಂದು ಕಡೆ ಇದೆ. '--ಕಾನ್ಫಿಗ್' ಹಾಕಿ, ವಿಎಂ ಒಳಗೆ ಲಾಗಿನ್ ಆಗಿ ರೀಬೂಟ್ ಕೊಟ್ಟು, ಹೊಸ ಕಾರ್ಡ್ ಏಕೆ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಒಳಗಿನಿಂದ ರೀಬೂಟ್ ಮಾಡಿದಾಗ ಹೋಸ್ಟ್‌ನಲ್ಲಿರುವ ಆ ವಿಎಂ ಅನ್ನು ಓಡಿಸುವ ಕ್ಯೂಎಮು ಪ್ರೊಸೆಸ್ ಹಾಗೆಯೇ ಇರುತ್ತದೆ, ಹಳೆಯ ಯಂತ್ರಾಂಶವನ್ನೇ ಮತ್ತೆ ತೋರಿಸುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ, 'ವರ್ಶ್ ಸ್ಟಾರ್ಟ್' ಕೊಟ್ಟರೆ ಮಾತ್ರ ಬರೆದಿಟ್ಟ ವಿವರವನ್ನು ಹೊಸದಾಗಿ ಓದಿಕೊಳ್ಳುತ್ತದೆ.

ಕಾರ್ಡ್‌ಗಿರುವ ಈ ಇಬ್ಬಂದಿ, ವಿಎಂಗಳನ್ನು ಕೂಡಿಸಲು ಲಿಬ್‌ವರ್ಟ್ ಹೋಸ್ಟ್‌ನೊಳಗೆ ನಡೆಸುವ ನೆಟ್‌ವರ್ಕ್‌ಗೂ ಇದೆ. 'ವರ್ಶ್ ನೆಟ್-ಲಿಸ್ಟ್' ಎಂದಷ್ಟೇ ಕೊಟ್ಟರೆ ಚಾಲೂ ಇರುವ ನೆಟ್‌ವರ್ಕ್‌ಗಳು ಮಾತ್ರ ಕಾಣುತ್ತವೆ. '--ಆಲ್' ಸೇರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅದನ್ನು ಸೇರಿಸಿಯೂ ಪಟ್ಟಿ ಖಾಲಿ ಬಂದರೆ ಗಾಬರಿ ಬೇಡ. ಸಾಮಾನ್ಯ ಬಳಕೆದಾರರಾಗಿ ವರ್ಶ್ ಓಡಿಸಿದಾಗ ಅದು ನಿಮ್ಮ ಸ್ವಂತ ಸೆಷನ್‌ಗೆ ಸಂಪರ್ಕವಾಗಿರಬಹುದು, ನಿಮ್ಮ ನೆಟ್‌ವರ್ಕ್‌ಗಳೆಲ್ಲ ಸಿಸ್ಟಮ್ ಸಂಪರ್ಕದಲ್ಲಿರುತ್ತವೆ. ಸುಡೊ (ಆಡಳಿತಗಾರರ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಜೊತೆ ಅದೇ ಕಮಾಂಡ್ ಕೊಟ್ಟು ನೋಡಿ.

ಪಟ್ಟಿಯಲ್ಲಿ 'ಆಟೋಸ್ಟಾರ್ಟ್' ಮತ್ತು 'ಪರ್ಸಿಸ್ಟೆಂಟ್' ಎಂಬ ಎರಡು ಕಾಲಂಗಳಿವೆ. ಸ್ಥಿತಿ ನೋಡಿ ಸುಮ್ಮನಾಗದೆ ಇವನ್ನೂ ಓದಬೇಕು. ಆಟೋಸ್ಟಾರ್ಟ್ ಇಲ್ಲದ ನೆಟ್‌ವರ್ಕ್ ಹೋಸ್ಟ್ ರೀಬೂಟ್ ಆದಮೇಲೆ ತಾನಾಗಿ ಏಳುವುದಿಲ್ಲ. 'ವರ್ಶ್ ನೆಟ್-ಆಟೋಸ್ಟಾರ್ಟ್' ಒಂದು ಸಲ ಕೊಟ್ಟರೆ ಸಾಕು. 'ನೆಟ್-ಡಿಫೈನ್' ಬದಲು 'ನೆಟ್-ಕ್ರಿಯೇಟ್'ನಿಂದ ಮಾಡಿದ ನೆಟ್‌ವರ್ಕ್ ಪರ್ಸಿಸ್ಟೆಂಟ್ ಅಲ್ಲ, ನಿಲ್ಲಿಸಿದರೆ ಅದರ ವಿವರವೂ ಅಳಿಯುತ್ತದೆ. 'ನೆಟ್-ಡಿಸ್ಟ್ರಾಯ್' ಎಂಬ ಹೆಸರು ಹೆದರಿಸುತ್ತದೆ, ಆದರೆ ಡಿಫೈನ್ ಮಾಡಿದ ನೆಟ್‌ವರ್ಕನ್ನು ಅದು ನಿಲ್ಲಿಸುತ್ತದಷ್ಟೆ. ನಿಜವಾಗಿ ಅಳಿಸುವುದು 'ನೆಟ್-ಅನ್‌ಡಿಫೈನ್'.

ಹಾಗೆಂದು ಡಿಸ್ಟ್ರಾಯ್ ನಿರಪಾಯಕಾರಿಯಲ್ಲ. ಲಿಬ್‌ವರ್ಟ್ ಜೊತೆ ಬರುವ 'ಡೀಫಾಲ್ಟ್' ನೆಟ್‌ವರ್ಕನ್ನೇ ತೆಗೆದುಕೊಳ್ಳಿ. ಹೋಸ್ಟ್‌ನಲ್ಲಿ ವಿರ್‌ಬಿಆರ್0 ಎಂಬ ಬ್ರಿಡ್ಜ್ (ಕಾರ್ಡ್‌ಗಳನ್ನು ಕೂಡಿಸುವ ಸಾಫ್ಟ್‌ವೇರ್ ಸ್ವಿಚ್), ಅದಕ್ಕೆ 192.168.122.1 ವಿಳಾಸ, ಹಿಂದೆ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಡಿಎಚ್‌ಸಿಪಿ (ಐಪಿ ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಕೊಡುತ್ತಿರುತ್ತದೆ, ಹೊರಗೆ ಹೋಗಲು ನ್ಯಾಟ್ (ಹೋಸ್ಟ್‌ನ ವಿಳಾಸದ ಹೆಸರಿನಲ್ಲಿ ಕಳಿಸುವ ವಿಧಾನ). ನಿಲ್ಲಿಸಿದೊಡನೆ ಬ್ರಿಡ್ಜೇ ಹೋಗುತ್ತದೆ. ಓಡುತ್ತಿದ್ದ ವಿಎಂಗಳ ಕಾರ್ಡ್‌ಗಳು ಯಾವುದಕ್ಕೂ ಅಂಟದೆ ಉಳಿಯುತ್ತವೆ. ನೆಟ್‌ವರ್ಕನ್ನು ಮತ್ತೆ ಸ್ಟಾರ್ಟ್ ಮಾಡಿದ ಮಾತ್ರಕ್ಕೆ ಅವು ಮರಳಿ ಕೂಡಿಕೊಂಡಿವೆ ಎಂದು ನಂಬಬೇಡಿ. 'ಬ್ರಿಡ್ಜ್ ಲಿಂಕ್' ಕಮಾಂಡ್‌ನಲ್ಲಿ ಪ್ರತಿಯೊಂದೂ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಒಂದು ವಿಎಂಗೆ ಖಾಯಂ ಐಪಿ ಕೊಡುವಂಥ ಚಿಕ್ಕ ಕೆಲಸಕ್ಕೆ 'ನೆಟ್-ಎಡಿಟ್' ಮಾಡಿ ಇಡೀ ನೆಟ್‌ವರ್ಕ್ ಬೀಳಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 'ನೆಟ್-ಅಪ್‌ಡೇಟ್' ಇದೆ. ಅದರಲ್ಲಿ 'ಐಪಿ-ಡಿಎಚ್‌ಸಿಪಿ-ಹೋಸ್ಟ್' ವಿಭಾಗಕ್ಕೆ ಮ್ಯಾಕ್ (ಕಾರ್ಡ್‌ನ ಗುರುತಿನ ವಿಳಾಸ) ಮತ್ತು ಐಪಿ ಬರೆದು, ಮತ್ತದೇ '--ಲೈವ್ --ಕಾನ್ಫಿಗ್' ಎರಡೂ ಫ್ಲ್ಯಾಗ್ ಹಾಕಿದರೆ ಯಾರ ಸಂಪರ್ಕವೂ ಕಡಿಯದೆ ಕೆಲಸ ಮುಗಿಯುತ್ತದೆ.

ಇನ್ನು ಕಾರ್ಡ್‌ಗಳ ಗುರುತು. 'ಡೊಮ್‌ಇಫ್‌ಲಿಸ್ಟ್' ಕೊಟ್ಟರೆ ವಿನೆಟ್0, ವಿನೆಟ್1 ಎಂಬ ಹೆಸರುಗಳು ಬರುತ್ತವೆ. ಅವನ್ನು ಸ್ಕ್ರಿಪ್ಟ್‌ಗಳಲ್ಲಿ ಬರೆಯಲೇಬೇಡಿ. ಹೋಸ್ಟ್‌ನಲ್ಲಿ ವಿಎಂಗಳು ಎದ್ದ ಕ್ರಮದ ಮೇಲೆ ಆ ಸಂಖ್ಯೆ ಬೀಳುತ್ತದೆ. ಇವತ್ತು ಡೇಟಾಬೇಸ್ ವಿಎಂನದಾಗಿದ್ದ ವಿನೆಟ್2 ನಾಳೆ ಬೇರೆಯದಾಗಿರುತ್ತದೆ. ಬದಲಾಗದೆ ನಿಲ್ಲುವುದು ಮ್ಯಾಕ್ ವಿಳಾಸ, ಲಿಬ್‌ವರ್ಟ್ ಕೊಡುವುದಾದರೆ 52:54:00 ಎಂದು ಶುರುವಾಗುವಂಥದ್ದು. ಡಿಟ್ಯಾಚ್ ಮಾಡುವಾಗಲೂ ಮ್ಯಾಕ್ ಕೊಟ್ಟೇ ಮಾಡಿ. ಕಾರ್ಡ್‌ನ ಮಾದರಿ ಆರಿಸುವಾಗ ವಿಎಂಗಳಿಗೆಂದೇ ಮಾಡಿದ ವರ್ಟಿಯೊ ಇರಲಿ. ಲಿನಕ್ಸ್‌ನಲ್ಲಿ ಅದರ ಡ್ರೈವರ್ ಮೊದಲೇ ಇದೆ, ವಿಂಡೋಸ್‌ಗೆ ಬೇರೆಯಾಗಿ ಹಾಕಬೇಕು.

ನನಗೆ ಬಹಳ ಇಷ್ಟವಾದ ಕಮಾಂಡ್ 'ಡೊಮ್‌ಇಫ್-ಸೆಟ್‌ಲಿಂಕ್'. ಕಾರ್ಡ್ ತೆಗೆಯದೆ ಕೇಬಲ್ ಮಾತ್ರ ಕಿತ್ತ ಹಾಗೆ ಮಾಡುತ್ತದೆ. ಒಂದು ವಿಎಂ ಹ್ಯಾಕ್ ಆಗಿದೆ ಎಂಬ ಅನುಮಾನ ಬಂದರೆ ಬಹಳ ಜನ ಮೊದಲು ಅದನ್ನು ಆಫ್ ಮಾಡುತ್ತಾರೆ, ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಹೋಗುತ್ತದೆ. ಲಿಂಕ್ 'ಡೌನ್' ಮಾಡಿದರೆ ವಿಎಂ ಓಡುತ್ತಲೇ ಇರುತ್ತದೆ, ಹೊರಗಿನ ಸಂಪರ್ಕ ಮಾತ್ರ ಇರುವುದಿಲ್ಲ. ಕನ್ಸೋಲ್‌ನಿಂದ ಒಳಗೆ ಹೋಗಿ ನಿಧಾನವಾಗಿ ನೋಡಬಹುದು.

ಕ್ಲೋನ್ ಮಾಡಿದ ವಿಎಂಗಳ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಎಂನ ವಿವರವಿರುವ ಎಕ್ಸ್‌ಎಂಎಲ್ ಕಡತವನ್ನು ಕೈಯಿಂದ ನಕಲು ಮಾಡಿದರೆ ಮ್ಯಾಕ್ ಕೂಡ ನಕಲಾಗುತ್ತದೆ, ಎರಡು ವಿಎಂಗಳು ಒಂದೇ ವಿಳಾಸಕ್ಕೆ ಕಿತ್ತಾಡುತ್ತವೆ. ವರ್ಟ್-ಕ್ಲೋನ್ ಬಳಸಿದರೆ ಹೊಸ ಮ್ಯಾಕ್ ಸಿಗುತ್ತದೆ. ಆದರೂ ಉಬುಂಟು ಸರ್ವರ್‌ನಂಥ ಕಡೆ ಎರಡಕ್ಕೂ ಒಂದೇ ಐಪಿ ಬರುವುದುಂಟು. ಅಲ್ಲಿನ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ನೆಟ್‌ವರ್ಕ್ ಸೇವೆ ಡಿಎಚ್‌ಸಿಪಿಗೆ ತನ್ನ ಗುರುತನ್ನು ಹೇಳುವಾಗ ಮ್ಯಾಕ್ ಬದಲು ಮೆಷಿನ್-ಐಡಿ ಎಂಬ ಕಡತದಿಂದ ಹುಟ್ಟಿಸಿದ ಗುರುತನ್ನು ಕಳಿಸುತ್ತದೆ, ಡಿಸ್ಕ್ ನಕಲಾದಾಗ ಮೆಷಿನ್-ಐಡಿಯೂ ನಕಲಾಗಿರುತ್ತದೆ. ಮೂಲ ಟೆಂಪ್ಲೇಟ್‌ನಲ್ಲೇ ಆ ಕಡತವನ್ನು ಖಾಲಿ ಮಾಡಿಡಿ. ಮೊದಲ ಬೂಟ್‌ನಲ್ಲಿ ಪ್ರತಿ ವಿಎಂ ತನ್ನದನ್ನು ಮಾಡಿಕೊಳ್ಳುತ್ತದೆ.

ಬ್ರಿಡ್ಜ್ ಮಾಡಿ ವಿಎಂಗಳನ್ನು ನೇರವಾಗಿ ಆಫೀಸಿನ ಜಾಲಕ್ಕೆ ಸೇರಿಸುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಲ್ಯಾಪ್‌ಟಾಪ್‌ನ ವೈಫೈ ಮೇಲೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ, ಬೇರೆ ಮ್ಯಾಕ್‌ನಿಂದ ಬಂದ ಫ್ರೇಮ್‌ಗಳನ್ನು ಆ್ಯಕ್ಸೆಸ್ ಪಾಯಿಂಟ್ ಒಪ್ಪುವುದಿಲ್ಲ. ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್‌ಗಳನ್ನು ನಡೆಸುವ ತಂತ್ರಾಂಶ) ಹಾಕಿದ ದಿನದಿಂದ ಬ್ರಿಡ್ಜ್ ಸತ್ತಂತಾಗಿದ್ದರೆ ಫೈರ್‌ವಾಲ್‌ನ ಫಾರ್ವರ್ಡ್ ಪಾಲಿಸಿ (ಹೋಸ್ಟ್ ದಾಟಿ ಹೋಗುವ ಪ್ಯಾಕೆಟ್‌ಗಳ ನಿಯಮ) ನೋಡಿ. ಡಾಕರ್ ಅದನ್ನು 'ಡ್ರಾಪ್' ಮಾಡಿರಬಹುದು. ಬ್ರಿಡ್ಜ್‌ನಲ್ಲಿರುವ ವಿಎಂನ ಐಪಿ ಹುಡುಕಲು ಬರೀ 'ಡೊಮ್‌ಇಫ್‌ಅಡ್ರ್' ಕೊಟ್ಟರೆ ಖಾಲಿ ಬರುತ್ತದೆ, ಅದು ಲಿಬ್‌ವರ್ಟ್ ತಾನೇ ಕೊಟ್ಟ ಲೀಸ್‌ಗಳನ್ನು (ಡಿಎಚ್‌ಸಿಪಿಯಲ್ಲಿ ಹಂಚಿದ ವಿಳಾಸಗಳನ್ನು) ಮಾತ್ರ ನೋಡುತ್ತದೆ. ವಿಎಂ ಒಳಗೆ ಗೆಸ್ಟ್ ಏಜೆಂಟ್ (ಒಳಗಿನ ಮಾಹಿತಿಯನ್ನು ಹೋಸ್ಟ್‌ಗೆ ತಿಳಿಸುವ ತಂತ್ರಾಂಶ) ಇದ್ದರೆ '--ಸೋರ್ಸ್ ಏಜೆಂಟ್' ಸೇರಿಸಿ.

ಹೋಸ್ಟ್‌ಗೆ ರೀಬೂಟ್ ನಿಗದಿಯಾದ ವಾರದಲ್ಲಿ ಪ್ರತಿ ವಿಎಂಗೂ 'ಡೊಮ್‌ಇಫ್‌ಲಿಸ್ಟ್' ಎರಡು ಸಲ ಓಡಿಸಿ: ಒಮ್ಮೆ ಹಾಗೇ, ಇನ್ನೊಮ್ಮೆ '--ಇನ್‌ಆ್ಯಕ್ಟಿವ್' ಸೇರಿಸಿ. ಮೊದಲನೆಯದು ಈಗಿರುವ ಕಾರ್ಡ್‌ಗಳು, ಎರಡನೆಯದು ರೀಬೂಟ್ ನಂತರ ಬರಲಿರುವ ಕಾರ್ಡ್‌ಗಳು. ಎರಡರ ಮ್ಯಾಕ್ ಕಾಲಂ ಹೊಂದಿಕೆಯಾಗದ ವಿಎಂ ಸಿಕ್ಕರೆ, ಅದರ ಯಜಮಾನರಿಗೆ ಆ ಹಗಲಲ್ಲೇ ಫೋನ್ ಮಾಡಿ ಯಾವುದು ಉಳಿಯಬೇಕೆಂದು ಕೇಳಿ.