ಅಪ್ಪ ಎ, ಅಮ್ಮ ಬಿ, ಮಗು ಒ

ಇಂಥ ವರದಿ ಕೈಗೆ ಬಂದಾಗ ಕೆಲವರು ಪ್ರಯೋಗಾಲಯವನ್ನು ಅನುಮಾನಿಸುತ್ತಾರೆ, ಕೆಲವರು ಹೆಂಡತಿಯನ್ನು. ವರದಿಯಲ್ಲಿ ಯಾರನ್ನೂ ಅನುಮಾನಿಸುವಂಥದ್ದು ಏನೂ ಇರುವುದಿಲ್ಲ.

ರಕ್ತನಿಧಿಯಲ್ಲಿ ನಾವು ಗುಂಪು ನೋಡುವ ಬಗೆ ತಿಳಿದರೆ ಅರ್ಧ ಗೊಂದಲ ಕರಗುತ್ತದೆ. ಗಾಜಿನ ಸ್ಲೈಡಿನ ಮೇಲೆ ಒಂದು ತೊಟ್ಟು ರಕ್ತ, ಅದಕ್ಕೆ ಒಂದು ತೊಟ್ಟು ಆಂಟಿ-ಎ ದ್ರಾವಣ. ಮೆಲ್ಲಗೆ ಅಲುಗಾಡಿಸಿದರೆ ಎ ಗುಂಪಿನ ರಕ್ತ ಕಣ್ಣೆದುರೇ ಕಾಳುಕಾಳಾಗಿ ಕೂಡಿಕೊಳ್ಳುತ್ತದೆ. ಒ ಗುಂಪಿನದು ನುಣ್ಣಗೆ ಹಾಗೆಯೇ ಉಳಿಯುತ್ತದೆ. ಕೆಂಪು ರಕ್ತಕಣದ ಮೈಮೇಲೆ ಎ ಪ್ರತಿಜನಕ, ಅಂದರೆ ಎ ಗುಂಪಿನ ಗುರುತಾದ ಅಣು, ಇದೆಯೋ ಇಲ್ಲವೋ, ಈ ಪರೀಕ್ಷೆ ಹೇಳುವುದು ಅಷ್ಟನ್ನೇ. ಆ ವ್ಯಕ್ತಿ ಮಕ್ಕಳಿಗೆ ಏನನ್ನು ದಾಟಿಸಬಹುದು ಎಂಬುದು ಸ್ಲೈಡಿಗೆ ಗೊತ್ತಿಲ್ಲ.

ಗುಂಪನ್ನು ತೀರ್ಮಾನಿಸುವ ವಂಶವಾಹಿ 9ನೇ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿಗಳು. ಎ, ಬಿ ಎರಡೂ ಪ್ರಬಲ, ಜೊತೆಗೂಡಿದರೆ ಎಬಿ. ಒ ಪ್ರತಿ ಯಾವ ಪ್ರತಿಜನಕವನ್ನೂ ಕಟ್ಟುವುದಿಲ್ಲ, ಆದ್ದರಿಂದ ಎ ಅಥವಾ ಬಿ ಪಕ್ಕದಲ್ಲಿದ್ದರೆ ಅದರ ಸುಳಿವೇ ಸಿಗುವುದಿಲ್ಲ. ಎ ಗುಂಪಿನ ಅಪ್ಪ, ಬಿ ಗುಂಪಿನ ಅಮ್ಮ ಇಬ್ಬರಲ್ಲೂ ಒಂದೊಂದು ಒ ಅಡಗಿದ್ದರೆ ಮಗುವಿಗೆ ನಾಲ್ಕರಲ್ಲಿ ಯಾವ ಗುಂಪಾದರೂ ಬರಬಹುದು. ಒ ಬರುವ ಸಾಧ್ಯತೆ ಪ್ರತಿ ಬಸಿರಿಗೂ ಶೇ. 25, ಮೊದಲನೆಯದು ಒ ಆಯಿತೆಂದು ಎರಡನೆಯದರ ಲೆಕ್ಕ ಬದಲಾಗುವುದಿಲ್ಲ. ಎಬಿ ಮತ್ತು ಒ ದಂಪತಿಗೆ ಸಾಮಾನ್ಯವಾಗಿ ಎ ಅಥವಾ ಬಿ ಮಗು. ಹೆತ್ತವರಿಬ್ಬರ ಗುಂಪೂ ಅಲ್ಲ ಎಂದು ಗಾಬರಿಯಾಗುವವರು ಇವರೇ.

ಪಾಸಿಟಿವ್, ನೆಗೆಟಿವ್ ಬೇರೆಯೇ ವಂಶವಾಹಿಯ ಕೆಲಸ. ಅಲ್ಲೂ ಪಾಸಿಟಿವ್ ದಂಪತಿಗೆ ನೆಗೆಟಿವ್ ಮಗು ಹುಟ್ಟಬಹುದು. ಆದರೆ ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ಹೆರಿಗೆಯಾಗಿ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸುವುದನ್ನು ಮರೆಯಬಾರದು. ಮುಂದಿನ ಮಗುವನ್ನು ಕಾಯುವುದು ಅದು.

ಇಬ್ಬರೂ ಒ, ಮಗು ಮಾತ್ರ ಎ ಎಂಬ ವರದಿಯೂ ಅಪರೂಪಕ್ಕೆ ಬರುತ್ತದೆ. ಆಗ ಮೊದಲು ಮೂವರ ರಕ್ತವನ್ನೂ ಹೊಸದಾಗಿ ತೆಗೆದು ಪರೀಕ್ಷಿಸಬೇಕು. ಆಮೇಲೆ ನೆನಪಾಗಬೇಕಾದದ್ದು 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪು. ಇವರಲ್ಲಿ ಎ, ಬಿ ಪ್ರತಿಜನಕಗಳಿಗೆ ತಳಹದಿಯಾದ ಎಚ್ ಇರುವುದಿಲ್ಲ. ಸ್ಲೈಡಿನಲ್ಲಿ ಒ ಎಂದೇ ಕಾಣುತ್ತಾರೆ, ಒಳಗಿರುವ ಎ ಪ್ರತಿಯನ್ನು ಮಗುವಿಗೆ ದಾಟಿಸುತ್ತಾರೆ. ಒಂದು ತೊಟ್ಟು ಆಂಟಿ-ಎಚ್ ಹಾಕಿದರೆ ನಿಜವಾದ ಒ ಕೂಡಿಕೊಳ್ಳುತ್ತದೆ, ಬಾಂಬೆ ಗುಂಪಿನದು ಕೂಡಿಕೊಳ್ಳುವುದಿಲ್ಲ.